ಸೂತ್ರವನ್ನು ನಕಲಿಸುವ ಮುನ್ನ: ಸ್ಪ್ರೆಡ್‌ಶೀಟ್‌ನಲ್ಲಿ ಸೆಲ್ ಉಲ್ಲೇಖಗಳನ್ನು ಸರಿಯಾಗಿ ಬರೆಯುವ ಕ್ರಮ

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸೂತ್ರವನ್ನು ಒಮ್ಮೆ ಬರೆದು ಹತ್ತು ಸಾಲುಗಳಿಗೋ ಹತ್ತು ಸಾವಿರ ಸಾಲುಗಳಿಗೋ ಕ್ಷಣಮಾತ್ರದಲ್ಲಿ ನಕಲಿಸಬಹುದು. ಆದರೆ ಹೀಗೆ ನಕಲಿಸಿದ ಸೂತ್ರ ಮೂಲದ ಅಕ್ಷರಶಃ ಪ್ರತಿಯಾಗಿರುವುದಿಲ್ಲ; ಹೊಸ ಜಾಗಕ್ಕೆ ಹೋದ ಕೂಡಲೇ ಅದರೊಳಗಿನ ಸೆಲ್‌ಗಳ ಹೆಸರುಗಳು ತಾವಾಗಿಯೇ ಬದಲಾಗುತ್ತವೆ. ಯಾವ ಹೆಸರು ಬದಲಾಗಬೇಕು, ಯಾವುದು ಇದ್ದಲ್ಲೇ ಇರಬೇಕು ಎಂಬುದನ್ನು ತಂತ್ರಾಂಶ ಊಹಿಸಲಾರದು. ಅದನ್ನು ಸೂತ್ರ ಬರೆಯುವವರೇ ಮೊದಲು ತೀರ್ಮಾನಿಸಿ, ಸೂತ್ರದೊಳಗೇ ಗುರುತು ಹಾಕಿಡಬೇಕು. ಆ ಗುರುತು ಹಾಕುವ ಕ್ರಮವನ್ನು ಒಂದೇ ಹಾಳೆಯ ಉದಾಹರಣೆಯನ್ನು ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಹಾಳೆ ಹೀಗಿದೆ ಎಂದುಕೊಳ್ಳಿ. ಒಂದನೆಯ ಸಾಲಿನಲ್ಲಿ ಶೀರ್ಷಿಕೆಗಳಿವೆ. ಎರಡರಿಂದ ಹನ್ನೊಂದನೆಯ ಸಾಲಿನವರೆಗೆ ಒಂದು ಕಟ್ಟಡದ ಹತ್ತು ಕೊಠಡಿಗಳ ವಿವರವಿದೆ: ಎ ಕಾಲಂನಲ್ಲಿ ಕೊಠಡಿಯ ಹೆಸರು, ಬಿ ಕಾಲಂನಲ್ಲಿ ಮೀಟರ್ ಲೆಕ್ಕದಲ್ಲಿ ಉದ್ದ, ಸಿ ಕಾಲಂನಲ್ಲಿ ಅಗಲ. ಡಿ ಕಾಲಂನಲ್ಲಿ ವಿಸ್ತೀರ್ಣ ಬರಬೇಕು, ಹನ್ನೆರಡನೆಯ ಸಾಲಿನಲ್ಲಿ ಒಟ್ಟು ವಿಸ್ತೀರ್ಣ. ಕಾಲಂಗಳ ಮತ್ತು ಸಿದ್ಧ ಲೆಕ್ಕಗಳಾದ ಫಂಕ್ಷನ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ತಂತ್ರಾಂಶದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಮೈಕ್ರೋಸಾಫ್ಟ್ ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಕ್ಯಾಲ್ಕ್ ಈ ಮೂರರಲ್ಲೂ ಉಲ್ಲೇಖಗಳ ಮೂಲ ನಿಯಮ ಒಂದೇ.

ಸೂತ್ರ ನೆನಪಿಡುವುದು ದೂರವನ್ನು

ಡಿ2 ಸೆಲ್‌ನಲ್ಲಿ, ಅಂದರೆ ಡಿ ಕಾಲಂ ಮತ್ತು ಎರಡನೆಯ ಸಾಲು ಸೇರುವ ಚೌಕದಲ್ಲಿ, =ಬಿ2*ಸಿ2 ಎಂದು ಬರೆದು ಎಂಟರ್ ಒತ್ತಿದರೆ ಮೊದಲ ಕೊಠಡಿಯ ವಿಸ್ತೀರ್ಣ ಸಿಗುತ್ತದೆ. ಉದ್ದ 5, ಅಗಲ 4 ಎಂದಿದ್ದ ಮಾತ್ರಕ್ಕೆ =5*4 ಎಂದು ಬರೆಯಬಾರದು; ಅಳತೆ ಬದಲಾದರೆ ಉತ್ತರವೂ ಬದಲಾಗಬೇಕಾದರೆ ಸೂತ್ರದಲ್ಲಿ ಸಂಖ್ಯೆಯ ಬದಲು ಸಂಖ್ಯೆ ಇರುವ ಸೆಲ್‌ನ ಹೆಸರು ಇರಬೇಕು. ಈ ಹೆಸರನ್ನೇ ಸೆಲ್ ಉಲ್ಲೇಖ ಎನ್ನುತ್ತೇವೆ. ಟೈಪ್ ಮಾಡುವ ಬದಲು ಸಮ ಚಿಹ್ನೆ ಹಾಕಿ, ಬೇಕಾದ ಸೆಲ್ ಮೇಲೆ ಮೌಸ್‌ನಿಂದ ಕ್ಲಿಕ್ ಮಾಡಿದರೂ ಅದರ ಹೆಸರು ಸೂತ್ರದೊಳಗೆ ಬಂದು ಕೂರುತ್ತದೆ. ಹೊಸಬರಿಗೆ ನಾನು ಈ ಎರಡನೆಯ ದಾರಿಯನ್ನೇ ಸೂಚಿಸುತ್ತೇನೆ. ಸಾಲಿನ ಸಂಖ್ಯೆಯನ್ನು ಕಣ್ಣಂದಾಜಿನಲ್ಲಿ ಬರೆಯುವಾಗ ಆಗುವ ತಪ್ಪು ಇದರಿಂದ ತಪ್ಪುತ್ತದೆ.

ಈಗ ಡಿ2 ಅನ್ನು ಡಿ3ಕ್ಕೆ ನಕಲಿಸಿದರೆ ಅಲ್ಲಿ =ಬಿ3*ಸಿ3 ಎಂದು ಬರುತ್ತದೆ. ಡಿ11ರಲ್ಲಿ =ಬಿ11*ಸಿ11. ಇದಕ್ಕೆ ಕಾರಣ ಸರಳವಾಗಿದೆ. ನಾವು ಬಿ2 ಎಂದು ಬರೆದಾಗ ತಂತ್ರಾಂಶ ಅದನ್ನು ‘ನಾನಿರುವ ಸಾಲಿನಲ್ಲೇ, ನನ್ನಿಂದ ಎಡಕ್ಕೆ ಎರಡನೆಯ ಸೆಲ್’ ಎಂದು ಗ್ರಹಿಸುತ್ತದೆ. ಸಿ2 ಎಂದರೆ ‘ಎಡಕ್ಕೆ ಒಂದನೆಯ ಸೆಲ್’. ಸೂತ್ರ ಎಲ್ಲಿಗೆ ಹೋದರೂ ಈ ದೂರ ಮತ್ತು ದಿಕ್ಕು ಹಾಗೆಯೇ ಉಳಿಯುತ್ತವೆ, ಹೆಸರು ಮಾತ್ರ ಬದಲಾಗುತ್ತದೆ. ಇಂಥ ಉಲ್ಲೇಖಕ್ಕೆ ಸಾಪೇಕ್ಷ ಉಲ್ಲೇಖ ಎಂದು ಹೆಸರು.

ಇದನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಎಕ್ಸೆಲ್‌ನ ಆಯ್ಕೆಗಳಲ್ಲಿ, ಸೂತ್ರಗಳ ವಿಭಾಗದೊಳಗೆ, ಆರ್1ಸಿ1 (ಆರ್ ಎಂದರೆ ಸಾಲು, ಸಿ ಎಂದರೆ ಕಾಲಂ) ಎಂಬ ಬರವಣಿಗೆಯ ಶೈಲಿಯಿದೆ. ಮೈಕ್ರೋಸಾಫ್ಟ್ 1982ರಲ್ಲಿ ಹೊರತಂದ ಸ್ಪ್ರೆಡ್‌ಶೀಟ್ ತಂತ್ರಾಂಶ ಮಲ್ಟಿಪ್ಲಾನ್‌ನಲ್ಲಿ ಬಳಕೆಯಲ್ಲಿದ್ದ ಶೈಲಿ ಅದು. ಅದನ್ನು ಆರಿಸಿಕೊಂಡರೆ ಡಿ2ರ ಸೂತ್ರ =ಆರ್‌ಸಿ[-2]*ಆರ್‌ಸಿ[-1] ಎಂದು ಕಾಣಿಸುತ್ತದೆ, ಮತ್ತು ಡಿ3ರಿಂದ ಡಿ11ರವರೆಗಿನ ಎಲ್ಲ ಸೆಲ್‌ಗಳಲ್ಲೂ ಒಂದಕ್ಷರವೂ ಬದಲಾಗದೆ ಇದೇ ಸೂತ್ರ ಇರುತ್ತದೆ. ದಿನನಿತ್ಯದ ಕೆಲಸಕ್ಕೆ ಈ ಶೈಲಿ ಬೇಕಿಲ್ಲ; ಆದರೆ ಒಮ್ಮೆ ಹಾಗೆ ನೋಡಿದವರಿಗೆ ನಕಲಿಸುವಾಗ ಹೆಸರುಗಳು ಏಕೆ ಬದಲಾಗುತ್ತವೆ ಎಂಬ ಗೊಂದಲ ಉಳಿಯುವುದಿಲ್ಲ.

ನಕಲಿಸುವ ದಾರಿಗಳು

ಕಾಪಿ ಮಾಡಿ ಪೇಸ್ಟ್ ಮಾಡುವುದು ಎಲ್ಲರಿಗೂ ತಿಳಿದದ್ದೇ. ಆಯ್ದ ಸೆಲ್‌ನ ಕೆಳಗಿನ ಬಲ ಮೂಲೆಯಲ್ಲಿರುವ ಚಿಕ್ಕ ಚೌಕವನ್ನು ಹಿಡಿದು ಕೆಳಕ್ಕೆ ಎಳೆದರೂ ಸೂತ್ರ ನಕಲಾಗುತ್ತದೆ. ಪಕ್ಕದ ಕಾಲಂ ತುಂಬಿದ್ದರೆ ಅದೇ ಚೌಕದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಆ ಕಾಲಂನ ದತ್ತಾಂಶ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಸೂತ್ರ ಇಳಿಯುತ್ತದೆ. ಪಕ್ಕದ ಕಾಲಂನಲ್ಲಿ ನಡುವೆ ಖಾಲಿ ಸೆಲ್ ಇದ್ದರೆ ಅಲ್ಲಿಗೇ ನಿಂತುಬಿಡುವ ಸಾಧ್ಯತೆ ಇರುವುದರಿಂದ, ಡಬಲ್ ಕ್ಲಿಕ್ ಮಾಡಿದ ಮೇಲೆ ಕೊನೆಯ ಸಾಲಿನವರೆಗೆ ಹೋಗಿ ನೋಡುವುದು ಒಳ್ಳೆಯದು. ಸೂತ್ರವಿರುವ ಸೆಲ್ ಮೇಲ್ತುದಿಯಲ್ಲಿ ಬರುವಂತೆ ಒಂದು ಪಟ್ಟಿಯನ್ನು ಆಯ್ದು ಕಂಟ್ರೋಲ್ ಮತ್ತು ಡಿ ಒತ್ತಿದರೆ ಕೆಳಕ್ಕೂ, ಎಡತುದಿಯಲ್ಲಿ ಬರುವಂತೆ ಆಯ್ದು ಕಂಟ್ರೋಲ್ ಮತ್ತು ಆರ್ ಒತ್ತಿದರೆ ಬಲಕ್ಕೂ ನಕಲಾಗುತ್ತದೆ. ಯಾವ ದಾರಿ ಹಿಡಿದರೂ ಉಲ್ಲೇಖಗಳು ಬದಲಾಗುವ ನಿಯಮ ಒಂದೇ.

ಕದಲಬಾರದ ಸೆಲ್

ಇದೇ ಹಾಳೆಯಲ್ಲಿ ವಿಸ್ತೀರ್ಣವನ್ನು ಚದರ ಅಡಿಗಳಲ್ಲೂ ತೋರಿಸಬೇಕಾಗಿದೆ ಎನ್ನೋಣ. ಒಂದು ಚದರ ಮೀಟರ್ ಎಂದರೆ ಸುಮಾರು 10.764 ಚದರ ಅಡಿ. ಈ ಸಂಖ್ಯೆಯನ್ನು ಜಿ1 ಸೆಲ್‌ನಲ್ಲಿ ಒಮ್ಮೆ ಬರೆದು, ಇ2ರಲ್ಲಿ =ಡಿ2*ಜಿ1 ಎಂದು ಸೂತ್ರ ಹಾಕಿದರೆ ಇ2ರ ಉತ್ತರ ಸರಿಯಾಗಿಯೇ ಬರುತ್ತದೆ. ಅದನ್ನು ಕೆಳಕ್ಕೆ ಎಳೆದ ಕೂಡಲೇ ಇ3ರಲ್ಲಿ =ಡಿ3*ಜಿ2 ಎಂದಾಗುತ್ತದೆ. ಜಿ2 ಖಾಲಿ; ಖಾಲಿ ಸೆಲ್ ಗುಣಾಕಾರದಲ್ಲಿ ಸೊನ್ನೆಯಾಗಿ ಎಣಿಕೆಯಾಗುವುದರಿಂದ ಇ3ರಿಂದ ಇ11ರವರೆಗೆ ಬರೀ ಸೊನ್ನೆ. ಡಿ3ಕ್ಕೆ ಇಳಿದದ್ದು ಸರಿ, ಏಕೆಂದರೆ ಪ್ರತಿ ಕೊಠಡಿಯ ವಿಸ್ತೀರ್ಣ ಬೇರೆ. ಜಿ1 ಮಾತ್ರ ಕದಲಬಾರದಿತ್ತು, ಏಕೆಂದರೆ ಪರಿವರ್ತನೆಯ ಸಂಖ್ಯೆ ಎಲ್ಲ ಕೊಠಡಿಗಳಿಗೂ ಒಂದೇ.

ಕದಲದಂತೆ ಕಟ್ಟಿಹಾಕುವ ಗುರುತು ಡಾಲರ್ ಚಿಹ್ನೆ. ಇ2ರಲ್ಲಿ =ಡಿ2*$ಜಿ$1 ಎಂದು ಬರೆದು ನಕಲಿಸಿದರೆ ಇ3ರಲ್ಲಿ =ಡಿ3*$ಜಿ$1, ಇ11ರಲ್ಲಿ =ಡಿ11*$ಜಿ$1 ಎಂದು ಸರಿಯಾಗಿ ಬರುತ್ತದೆ. ಕಾಲಂ ಅಕ್ಷರದ ಹಿಂದಿನ ಡಾಲರ್ ಕಾಲಂ ಅನ್ನು ಕಟ್ಟುತ್ತದೆ, ಸಾಲಿನ ಸಂಖ್ಯೆಯ ಹಿಂದಿನ ಡಾಲರ್ ಸಾಲನ್ನು ಕಟ್ಟುತ್ತದೆ. ಎರಡೂ ಇದ್ದರೆ ಅದು ನಿರಪೇಕ್ಷ ಉಲ್ಲೇಖ. ಹಣದ ನಾಣ್ಯಕ್ಕೂ ಈ ಚಿಹ್ನೆಗೂ ಇಲ್ಲಿ ಯಾವ ಸಂಬಂಧವೂ ಇಲ್ಲ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್ಸ್‌ಟನ್ 1979ರಲ್ಲಿ ಹೊರತಂದ ವಿಸಿಕ್ಯಾಲ್ಕ್‌ನಲ್ಲಿ ಇಂಥ ಗುರುತೇ ಇರಲಿಲ್ಲ. ಸೂತ್ರವನ್ನು ನಕಲಿಸುವಾಗಲೆಲ್ಲ ಆ ತಂತ್ರಾಂಶ ಸೂತ್ರದೊಳಗಿನ ಒಂದೊಂದು ಉಲ್ಲೇಖವನ್ನೂ ತೋರಿಸಿ, ಇದು ಬದಲಾಗಬೇಕೇ, ಹಾಗೆಯೇ ಇರಬೇಕೇ ಎಂದು ಕೇಳುತ್ತಿತ್ತು. 1983ರಲ್ಲಿ ಬಂದ ಲೋಟಸ್ 1-2-3 ಡಾಲರ್ ಚಿಹ್ನೆಯನ್ನು ಬಳಸಿದ್ದರಿಂದ ಆ ಉತ್ತರವನ್ನು ಸೂತ್ರದೊಳಗೇ ಬರೆದಿಡಲು ಸಾಧ್ಯವಾಯಿತು. ಕೆಲಸ ವೇಗವಾಯಿತು, ನಿಜ. ಆದರೆ ಪ್ರಶ್ನೆ ಕೇಳುವವರು ಈಗ ಯಾರೂ ಇಲ್ಲ. ಆದ್ದರಿಂದ ನಕಲಿಸುವ ಮುನ್ನ ಸೂತ್ರದಲ್ಲಿರುವ ಪ್ರತಿಯೊಂದು ಉಲ್ಲೇಖಕ್ಕೂ ವಿಸಿಕ್ಯಾಲ್ಕ್ ಕೇಳುತ್ತಿದ್ದ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು: ಸೂತ್ರ ಕೆಳಕ್ಕೆ ಇಳಿದಾಗ ಇದರ ಸಾಲು ಇಳಿಯಬೇಕೇ? ಸೂತ್ರ ಬಲಕ್ಕೆ ಸರಿದಾಗ ಇದರ ಕಾಲಂ ಸರಿಯಬೇಕೇ? ಬೇಡವೆಂದಾದ ಕಡೆಯಲ್ಲೆಲ್ಲ ಡಾಲರ್ ಹಾಕಬೇಕು.

ಚಿಹ್ನೆಯನ್ನು ಕೈಯಿಂದ ಟೈಪ್ ಮಾಡಬೇಕಾಗಿಲ್ಲ. ಸೂತ್ರವನ್ನು ತಿದ್ದುತ್ತಿರುವಾಗ ಕರ್ಸರ್ ಅನ್ನು ಉಲ್ಲೇಖದ ಮೇಲೆ ಇಟ್ಟು ಎಫ್4 ಒತ್ತಿದರೆ ಜಿ1 ಎಂಬುದು $ಜಿ$1 ಆಗುತ್ತದೆ. ಮತ್ತೆ ಒತ್ತಿದರೆ ಜಿ$1, ಮತ್ತೆ $ಜಿ1, ಮತ್ತೊಮ್ಮೆ ಒತ್ತಿದರೆ ಮೊದಲಿನಂತೆ ಜಿ1. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದರ ಜೊತೆಗೆ ಎಫ್‌ಎನ್ ಕೀಲಿಯನ್ನೂ ಒತ್ತಬೇಕಾಗುತ್ತದೆ, ಮ್ಯಾಕ್‌ನ ಎಕ್ಸೆಲ್‌ನಲ್ಲಿ ಕಮಾಂಡ್ ಮತ್ತು ಟಿ ಒತ್ತಿದರೂ ಇದೇ ಕೆಲಸ ಆಗುತ್ತದೆ. ಸೂತ್ರವನ್ನು ತಿದ್ದುವ ಸ್ಥಿತಿಯಲ್ಲಿ ಇಲ್ಲದಾಗ ಎಕ್ಸೆಲ್‌ನಲ್ಲಿ ಎಫ್4 ಒತ್ತಿದರೆ ಹಿಂದಿನ ಕ್ರಿಯೆ ಪುನರಾವರ್ತನೆಯಾಗುತ್ತದೆ ಎಂಬುದು ನೆನಪಿರಲಿ.

ಪ್ರತಿ ಕೊಠಡಿ ಒಟ್ಟು ವಿಸ್ತೀರ್ಣದಲ್ಲಿ ಎಷ್ಟು ಪಾಲು ಎಂದು ಕಂಡುಹಿಡಿಯುವುದಕ್ಕೂ ಇದೇ ನಿಯಮ. ಎಚ್2ರಲ್ಲಿ =ಡಿ2/ಡಿ12 ಎಂದು ಬರೆದು ಕೆಳಕ್ಕೆ ಎಳೆದರೆ ಛೇದ ಡಿ13, ಡಿ14 ಎಂದು ಖಾಲಿ ಸೆಲ್‌ಗಳ ಕಡೆಗೆ ಜಾರಿ, ಸೊನ್ನೆಯಿಂದ ಭಾಗಿಸಿದ್ದನ್ನು ಸೂಚಿಸುವ #ಡಿವ್/0! ದೋಷ ಸಾಲುಗಟ್ಟುತ್ತದೆ. =ಡಿ2/ಡಿ$12 ಎಂದು ಬರೆದರೆ ಸರಿಹೋಗುತ್ತದೆ. ಸೂತ್ರ ಕೆಳಕ್ಕೆ ಮಾತ್ರ ಹೋಗುವುದರಿಂದ ಇಲ್ಲಿ ಸಾಲಿನ ಸಂಖ್ಯೆಯ ಹಿಂದೆ ಒಂದು ಡಾಲರ್ ಸಾಕು.

ಒಂದು ದಿಕ್ಕಿಗೆ ಮಾತ್ರ ಕಟ್ಟುವುದು

ಒಂದೇ ಸೂತ್ರವನ್ನು ಕೆಳಕ್ಕೂ ಬಲಕ್ಕೂ ನಕಲಿಸಬೇಕಾದಾಗ, ಕಾಲಂ ಮತ್ತು ಸಾಲು ಎರಡರಲ್ಲಿ ಒಂದನ್ನು ಮಾತ್ರ ಕಟ್ಟುವ ಮಿಶ್ರ ಉಲ್ಲೇಖ ಅನಿವಾರ್ಯ. ನೆಲಕ್ಕೆ ಹಾಸುವ ಚದರ ಕಲ್ಲುಗಳು ಮೂರು ಅಳತೆಯಲ್ಲಿವೆ ಎಂದುಕೊಳ್ಳಿ: 30, 40 ಮತ್ತು 60 ಸೆಂಟಿಮೀಟರ್ ಬದಿಯವು. ಒಂದೊಂದು ಕಲ್ಲಿನ ವಿಸ್ತೀರ್ಣ ಕ್ರಮವಾಗಿ 0.09, 0.16 ಮತ್ತು 0.36 ಚದರ ಮೀಟರ್. ಈ ಮೂರು ಸಂಖ್ಯೆಗಳನ್ನು ಜೆ1, ಕೆ1, ಎಲ್1 ಸೆಲ್‌ಗಳಲ್ಲಿ ಬರೆದು, ಅವುಗಳ ಕೆಳಗೆ ಪ್ರತಿ ಕೊಠಡಿಗೆ ಎಷ್ಟು ಕಲ್ಲು ಬೇಕು ಎಂಬ ಮೂವತ್ತು ಉತ್ತರಗಳನ್ನು ಒಂದೇ ಸೂತ್ರದಿಂದ ಪಡೆಯಬೇಕಾಗಿದೆ.

ಜೆ2ರಲ್ಲಿ ಡಾಲರ್ ಇಲ್ಲದೆ =ಡಿ2/ಜೆ1 ಎಂದು ಬರೆದರೆ ಆ ಒಂದು ಉತ್ತರ ಸರಿ. ಅದನ್ನು ಬಲಕ್ಕೆ ಎಳೆದರೆ ಕೆ2ರಲ್ಲಿ =ಇ2/ಕೆ1 ಎಂದಾಗುತ್ತದೆ. ಇ ಕಾಲಂನಲ್ಲಿರುವುದು ಚದರ ಅಡಿಗಳ ಲೆಕ್ಕ, ಕೆ1ರಲ್ಲಿರುವುದು ಚದರ ಮೀಟರ್. ಉತ್ತರ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಕೆಳಕ್ಕೆ ಎಳೆದರೆ ಜೆ3ರಲ್ಲಿ =ಡಿ3/ಜೆ2 ಎಂದಾಗಿ, ಹಿಂದಿನ ಕೊಠಡಿಯ ಕಲ್ಲುಗಳ ಎಣಿಕೆಯಿಂದಲೇ ಭಾಗಿಸಿದಂತಾಗುತ್ತದೆ. ಈ ಎರಡು ಸೆಲ್‌ಗಳಲ್ಲೂ ದೋಷದ ಸೂಚನೆ ಕಾಣುವುದಿಲ್ಲ. ಇದಕ್ಕೆ ಹೆದರಿ =$ಡಿ$2/$ಜೆ$1 ಎಂದು ಎಲ್ಲವನ್ನೂ ಕಟ್ಟಿದರೆ ಮೂವತ್ತು ಸೆಲ್‌ಗಳಲ್ಲೂ ಮೊದಲ ಉತ್ತರವೇ ತುಂಬಿಕೊಳ್ಳುತ್ತದೆ.

ಆದ್ದರಿಂದ ಎರಡು ಪ್ರಶ್ನೆಗಳನ್ನು ಒಂದೊಂದು ಉಲ್ಲೇಖಕ್ಕೂ ಬೇರೆಬೇರೆಯಾಗಿ ಕೇಳಿಕೊಳ್ಳೋಣ. ಕೊಠಡಿಯ ವಿಸ್ತೀರ್ಣ ಯಾವಾಗಲೂ ಡಿ ಕಾಲಂನಲ್ಲೇ ಇದೆ, ಆದರೆ ಸಾಲು ಬದಲಾದಂತೆ ಕೊಠಡಿ ಬದಲಾಗಬೇಕು. ಹಾಗಾಗಿ ಕಾಲಂ ಕಟ್ಟಿ ಸಾಲನ್ನು ಬಿಡಬೇಕು: $ಡಿ2. ಕಲ್ಲಿನ ವಿಸ್ತೀರ್ಣ ಯಾವಾಗಲೂ ಒಂದನೆಯ ಸಾಲಿನಲ್ಲೇ ಇದೆ, ಆದರೆ ಕಾಲಂ ಬದಲಾದಂತೆ ಕಲ್ಲಿನ ಅಳತೆ ಬದಲಾಗಬೇಕು. ಹಾಗಾಗಿ ಸಾಲನ್ನು ಕಟ್ಟಿ ಕಾಲಂ ಅನ್ನು ಬಿಡಬೇಕು: ಜೆ$1. ಸೂತ್ರ =$ಡಿ2/ಜೆ$1 ಎಂದಾಯಿತು. ಇದನ್ನು ಎಲ್11ರವರೆಗೆ ನಕಲಿಸಿದರೆ ಕೆ5ರಲ್ಲಿ =$ಡಿ5/ಕೆ$1, ಎಲ್11ರಲ್ಲಿ =$ಡಿ11/ಎಲ್$1 ಎಂದು ಪ್ರತಿಯೊಂದೂ ತನ್ನ ಕೊಠಡಿಯನ್ನೂ ತನ್ನ ಕಲ್ಲನ್ನೂ ಸರಿಯಾಗಿ ಹುಡುಕಿಕೊಳ್ಳುತ್ತದೆ. ಕಲ್ಲನ್ನು ಅರ್ಧ ಎಣಿಸಲಾಗದಾದ್ದರಿಂದ ಉತ್ತರವನ್ನು ರೌಂಡಪ್ ಫಂಕ್ಷನ್‌ನಿಂದ ಪೂರ್ಣ ಸಂಖ್ಯೆಗೆ ಏರಿಸಬಹುದು: =ರೌಂಡಪ್($ಡಿ2/ಜೆ$1,0). ಮೇಲಿನ ಸಾಲಿನ ಶೀರ್ಷಿಕೆಗಳಿಗೆ ಸಾಲಿನ ಡಾಲರ್, ಎಡಗಡೆಯ ಶೀರ್ಷಿಕೆಗಳಿಗೆ ಕಾಲಂನ ಡಾಲರ್ ಎಂಬ ಈ ಜೋಡಿ ಎರಡು ದಿಕ್ಕಿನ ಬಹುತೇಕ ಎಲ್ಲ ಕೋಷ್ಟಕಗಳಿಗೂ ಒಗ್ಗುತ್ತದೆ. ಮಗ್ಗಿಯ ಕೋಷ್ಟಕವನ್ನು =$ಎ2*ಬಿ$1 ಎಂಬ ಒಂದೇ ಸೂತ್ರದಿಂದ ತುಂಬಿ ನೋಡುವುದು ಇದಕ್ಕೆ ಒಳ್ಳೆಯ ಅಭ್ಯಾಸ.

ಷರತ್ತಿನ ಮೇಲೆ ಬಣ್ಣ ಹಚ್ಚುವ ಸೌಲಭ್ಯದಲ್ಲೂ ಇದೇ ನಿಯಮ ನಡೆಯುತ್ತದೆ. ವಿಸ್ತೀರ್ಣ 20 ಚದರ ಮೀಟರ್ ದಾಟಿದ ಕೊಠಡಿಗಳ ಇಡೀ ಸಾಲಿಗೆ ಬಣ್ಣ ಬರಬೇಕಾದರೆ, ಎ2ರಿಂದ ಆರಂಭಿಸಿ ಪಟ್ಟಿಯನ್ನು ಆಯ್ದು =$ಡಿ2>20 ಎಂದು ಬರೆಯಬೇಕು. ಡಾಲರ್ ಬಿಟ್ಟರೆ ಎ ಕಾಲಂ ಮಾತ್ರ ಡಿ ಕಾಲಂ ಅನ್ನು ನೋಡುತ್ತದೆ, ಬಿ ಕಾಲಂ ಇ ಕಾಲಂ ಅನ್ನು ನೋಡುತ್ತದೆ.

ವ್ಯಾಪ್ತಿಗಳು ಜಾರುವಾಗ

ಒಂದು ಸೆಲ್‌ನ ಬದಲು ಸೆಲ್‌ಗಳ ವ್ಯಾಪ್ತಿಯನ್ನು ಹೆಸರಿಸುವಾಗ, ಅಂದರೆ ಡಿ2:ಡಿ11 ಎಂದು ಬರೆಯುವಾಗ, ಎರಡು ತುದಿಗಳೂ ಪ್ರತ್ಯೇಕ ಉಲ್ಲೇಖಗಳು. ಒಂದನ್ನು ಕಟ್ಟಿ ಇನ್ನೊಂದನ್ನು ಬಿಡಬಹುದು. ಎಫ್2ರಲ್ಲಿ =ಸಮ್(ಡಿ$2:ಡಿ2) ಎಂದು ಬರೆದು ಕೆಳಕ್ಕೆ ಎಳೆದರೆ ಎಫ್3ರಲ್ಲಿ =ಸಮ್(ಡಿ$2:ಡಿ3), ಎಫ್11ರಲ್ಲಿ =ಸಮ್(ಡಿ$2:ಡಿ11) ಎಂದು ವ್ಯಾಪ್ತಿ ಬೆಳೆಯುತ್ತಾ ಹೋಗಿ ಸಂಚಿತ ಮೊತ್ತ ಸಿದ್ಧವಾಗುತ್ತದೆ. ಎಫ್11ರ ಉತ್ತರ ಡಿ12ರ ಒಟ್ಟು ಮೊತ್ತಕ್ಕೆ ಸಮನಾಗಿರಬೇಕು. ಇಲ್ಲದಿದ್ದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ನನ್ನ ದೃಷ್ಟಿಯಲ್ಲಿ ಡಾಲರ್ ಮರೆತದ್ದರಿಂದ ಆಗುವ ತಪ್ಪುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಈ ಮುಂದಿನದು. ಕೊಠಡಿಗಳಿಗೆ ವಿಸ್ತೀರ್ಣದ ಪ್ರಕಾರ ಸ್ಥಾನ ಕೊಡಲು =ರ‍್ಯಾಂಕ್(ಡಿ2,ಡಿ2:ಡಿ11) ಎಂದು ಬರೆದು ಕೆಳಕ್ಕೆ ಎಳೆದರೆ, ಮೂರನೆಯ ಸಾಲಿನಲ್ಲಿ ವ್ಯಾಪ್ತಿ ಡಿ3:ಡಿ12 ಆಗುತ್ತದೆ. ಮೊದಲ ಕೊಠಡಿ ಸ್ಪರ್ಧೆಯಿಂದ ಹೊರಬೀಳುತ್ತದೆ, ಒಟ್ಟು ಮೊತ್ತ ಒಂದು ಕೊಠಡಿಯಂತೆ ಒಳಗೆ ಬರುತ್ತದೆ. ಕೆಳಗಿಳಿದಂತೆ ಹೋಲಿಕೆಗೆ ಉಳಿಯುವ ಕೊಠಡಿಗಳು ಕಡಿಮೆಯಾಗುತ್ತಾ ಹೋಗಿ, ಕೊನೆಯ ಕೊಠಡಿ ಎಷ್ಟೇ ಚಿಕ್ಕದಾಗಿದ್ದರೂ ಒಟ್ಟು ಮೊತ್ತದ ನಂತರದ ಎರಡನೆಯ ಸ್ಥಾನ ಪಡೆಯುತ್ತದೆ. ಪ್ರತಿ ಸೆಲ್‌ನಲ್ಲೂ ಒಂದರಿಂದ ಹತ್ತರೊಳಗಿನ ನಂಬಬಹುದಾದ ಸಂಖ್ಯೆಯೇ ಇರುವುದರಿಂದ ಸೊನ್ನೆಯಾಗಲಿ ದೋಷದ ಸೂಚನೆಯಾಗಲಿ ನಮ್ಮನ್ನು ಎಚ್ಚರಿಸುವುದಿಲ್ಲ. ಸರಿಯಾದ ರೂಪ =ರ‍್ಯಾಂಕ್(ಡಿ2,ಡಿ$2:ಡಿ$11). ಎಣಿಸುವ ಕೌಂಟ್‌ಇಫ್, ಕೂಡಿಸುವ ಸಮ್‌ಇಫ್, ಪಟ್ಟಿಯಲ್ಲಿ ಹುಡುಕುವ ವಿಲುಕಪ್ ಈ ಎಲ್ಲ ಫಂಕ್ಷನ್‌ಗಳಿಗೂ ಇದೇ ಎಚ್ಚರಿಕೆ ಬೇಕು: ಹುಡುಕುವ ಸೆಲ್ ಸಾಲಿನೊಂದಿಗೆ ಇಳಿಯಲಿ, ಹುಡುಕಲ್ಪಡುವ ಪಟ್ಟಿ ಕಟ್ಟಿಹಾಕಿದಂತಿರಲಿ. ವಿಲುಕಪ್‌ನ ಪಟ್ಟಿ ಜಾರಿದಾಗ ಬರುವ #ಎನ್/ಎ ದೋಷವನ್ನು ಮರೆಮಾಡಲು ಕೆಲವರು ಇಫ್‌ಎರರ್ ಹೊದಿಸಿ ಸೊನ್ನೆ ಬರುವಂತೆ ಮಾಡುತ್ತಾರೆ. ಉಲ್ಲೇಖ ಸರಿಯಿದೆ ಎಂದು ಖಚಿತವಾಗುವ ಮೊದಲು ಹಾಗೆ ಮಾಡಲೇಬಾರದು.

ವ್ಯಾಪ್ತಿಯ ತಪ್ಪು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಪ್ರಸಿದ್ಧ ನಿದರ್ಶನವಿದೆ. ಸರ್ಕಾರಿ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಸಂಬಂಧದ ಬಗ್ಗೆ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧದ ಹಾಳೆಯಲ್ಲಿ, ಸರಾಸರಿಯ ಸೂತ್ರ 30ರಿಂದ 49ನೆಯ ಸಾಲಿನವರೆಗೆ ಹೋಗುವ ಬದಲು 44ನೆಯ ಸಾಲಿಗೇ ನಿಂತಿತ್ತು. ಐದು ದೇಶಗಳು ಲೆಕ್ಕದಿಂದ ಹೊರಗುಳಿದಿದ್ದವು. 2013ರಲ್ಲಿ ಮೂಲ ಹಾಳೆಯನ್ನು ಪರಿಶೀಲಿಸಿದ ಥಾಮಸ್ ಹರ್ನ್‌ಡನ್, ಮೈಕೆಲ್ ಆಶ್ ಮತ್ತು ರಾಬರ್ಟ್ ಪೋಲಿನ್ ಇದನ್ನು ಬೇರೆ ಆಕ್ಷೇಪಗಳ ಜೊತೆಗೆ ಬಯಲಿಗೆ ತಂದರು. ಸೂತ್ರದ ತಪ್ಪನ್ನು ಲೇಖಕರೂ ಒಪ್ಪಿಕೊಂಡರು.

ಡಾಲರ್ ಕಾಯದ ಸಂದರ್ಭಗಳು

ಡಾಲರ್ ಚಿಹ್ನೆ ಕೆಲಸ ಮಾಡುವುದು ನಕಲಿಸುವಾಗ ಮಾತ್ರ. ಕಟ್ ಮಾಡಿ ಪೇಸ್ಟ್ ಮಾಡುವುದು ಬೇರೆಯೇ ಕ್ರಿಯೆ. ಸೂತ್ರವಿರುವ ಸೆಲ್ ಅನ್ನು ಕಟ್ ಮಾಡಿ ಬೇರೆಡೆಗೆ ಸಾಗಿಸಿದರೆ ಅದರೊಳಗಿನ ಉಲ್ಲೇಖಗಳು, ಡಾಲರ್ ಇರಲಿ ಬಿಡಲಿ, ಬದಲಾಗುವುದಿಲ್ಲ. ಸೂತ್ರ ನೋಡುತ್ತಿರುವ ಸೆಲ್ ಅನ್ನೇ ಸಾಗಿಸಿದರೆ, ಡಾಲರ್ ಇದ್ದರೂ ಉಲ್ಲೇಖ ಆ ಸೆಲ್‌ನ ಹೊಸ ಜಾಗವನ್ನು ಹಿಂಬಾಲಿಸುತ್ತದೆ. ಜಿ1ರಲ್ಲಿರುವ ಪರಿವರ್ತನೆಯ ಸಂಖ್ಯೆಯನ್ನು ಎಂ5ಕ್ಕೆ ಸಾಗಿಸಿದರೆ ಇ ಕಾಲಂನ ಸೂತ್ರಗಳೆಲ್ಲ ತಾವಾಗಿ $ಎಂ$5 ಎಂದಾಗುತ್ತವೆ. ಇದು ಅನುಕೂಲವೇ.

ಸಾಲು ಸೇರಿಸುವಾಗ ಹೆಚ್ಚು ಎಚ್ಚರ ಬೇಕು. ಪಟ್ಟಿಯ ನಡುವೆ ಹೊಸ ಸಾಲು ಸೇರಿಸಿದರೆ =ಸಮ್(ಡಿ2:ಡಿ11) ಎಂಬುದು =ಸಮ್(ಡಿ2:ಡಿ12) ಎಂದು ಹಿಗ್ಗುತ್ತದೆ. ಆದರೆ ಪಟ್ಟಿಯ ಮೊದಲ ಸಾಲಿಗಿಂತ ಮೇಲೆ ಸೇರಿಸಿದ ಸಾಲು ವ್ಯಾಪ್ತಿಯ ಹೊರಗುಳಿಯುತ್ತದೆ, ಕೊನೆಯ ಸಾಲಿನ ಕೆಳಗೆ ಸೇರಿಸಿದ್ದು ಒಳಗೆ ಬರುತ್ತದೆಂದು ನಂಬುವಂತಿಲ್ಲ. ಕೂಡಿಸುವ ಸೂತ್ರದಲ್ಲಿ ಶೀರ್ಷಿಕೆಯ ಸಾಲನ್ನೂ, ಮೊತ್ತದ ಮೇಲೆ ಬೇಕೆಂದೇ ಬಿಟ್ಟ ಒಂದು ಖಾಲಿ ಸಾಲನ್ನೂ ಒಳಗೊಳ್ಳುವಂತೆ ಬರೆದರೆ ಈ ತೊಂದರೆ ನೀಗುತ್ತದೆ; ವ್ಯಾಪ್ತಿಯೊಳಗಿನ ಪಠ್ಯವನ್ನೂ ಖಾಲಿ ಸೆಲ್ ಅನ್ನೂ ಸಮ್ ಫಂಕ್ಷನ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೂತ್ರ ಅವಲಂಬಿಸಿರುವ ಸಾಲು ಅಥವಾ ಕಾಲಂ ಅನ್ನೇ ಅಳಿಸಿದರೆ #ರೆಫ್! ಎಂಬ ದೋಷ ಬರುತ್ತದೆ. ಆ ಕ್ಷಣವೇ ಕಂಟ್ರೋಲ್ ಮತ್ತು ಜೆಡ್ ಒತ್ತಿ ಹಿಂದಕ್ಕೆ ಬರುವುದು ಉಚಿತ, ಏಕೆಂದರೆ ಮೊದಲು ಅಲ್ಲಿ ಯಾವ ಸೆಲ್‌ನ ಹೆಸರಿತ್ತು ಎಂಬ ಮಾಹಿತಿ ಸೂತ್ರದಲ್ಲಿ ಉಳಿದಿರುವುದಿಲ್ಲ.

ಹಲವು ಸೂತ್ರಗಳು ನೋಡುವ ಸೆಲ್‌ಗೆ ಹೆಸರಿಡುವುದು ಇನ್ನೊಂದು ದಾರಿ. ಜಿ1ಕ್ಕೆ ‘ಅಡಿ_ಗುಣಕ’ ಎಂಬಂಥ ಹೆಸರು ಕೊಟ್ಟರೆ =ಡಿ2*ಅಡಿ_ಗುಣಕ ಎಂದು ಬರೆಯಬಹುದು; ಹೀಗೆ ಇಟ್ಟ ಹೆಸರು ಸಾಮಾನ್ಯವಾಗಿ ನಿರಪೇಕ್ಷವಾಗಿಯೇ ಇರುತ್ತದೆ, ಆರು ತಿಂಗಳ ನಂತರ ಓದಿದವರಿಗೂ ಅರ್ಥವಾಗುತ್ತದೆ. ಬೇರೆ ಹಾಳೆಯ ಸೆಲ್ ಅನ್ನು ಉಲ್ಲೇಖಿಸುವಾಗ ಹಾಳೆಯ ಹೆಸರು ಮೊದಲು ಬರುತ್ತದೆ, ಉಳಿದ ನಿಯಮ ಬದಲಾಗುವುದಿಲ್ಲ. ಎಕ್ಸೆಲ್‌ನಲ್ಲಿ ಬೇರೆ ಫೈಲ್‌ನ ಸೆಲ್ ಮೇಲೆ ಕ್ಲಿಕ್ ಮಾಡಿದಾಗ ಮಾತ್ರ ಡಾಲರ್‌ಗಳು ತಾವಾಗಿಯೇ ಬರುತ್ತವೆ. ಸೂತ್ರವನ್ನು ಕೆಳಕ್ಕೆ ಎಳೆಯುವ ಉದ್ದೇಶವಿದ್ದರೆ ಎಫ್4 ಒತ್ತಿ ಅವನ್ನು ತೆಗೆಯಬೇಕು.

ನಕಲಿಸಿದ ಮೇಲಿನ ಪರಿಶೀಲನೆ

ಮೊದಲ ಸೆಲ್‌ನ ಉತ್ತರ ಸರಿಯಿದೆ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಮೇಲೆ ಕಂಡ ಎಲ್ಲ ತಪ್ಪು ಸೂತ್ರಗಳೂ ಮೊದಲ ಸೆಲ್‌ನಲ್ಲಿ ಸರಿಯಾದ ಉತ್ತರವನ್ನೇ ಕೊಟ್ಟಿದ್ದವು. ನೋಡಬೇಕಾದದ್ದು ಮೂಲದಿಂದ ಅತಿ ದೂರದಲ್ಲಿರುವ ಸೆಲ್ ಅನ್ನು, ಅಂದರೆ ಪಟ್ಟಿಯ ಕೊನೆಯ ಸಾಲು ಮತ್ತು ಬಲತುದಿಯ ಕಾಲಂ ಸೇರುವ ಜಾಗವನ್ನು. ಅಲ್ಲಿಗೆ ಹೋಗಿ ಎಫ್2 ಒತ್ತಿದರೆ ಸೂತ್ರ ಯಾವ ಯಾವ ಸೆಲ್‌ಗಳನ್ನು ನೋಡುತ್ತಿದೆ ಎಂಬುದು ಬಣ್ಣದ ಚೌಕಟ್ಟುಗಳಲ್ಲಿ ಕಾಣುತ್ತದೆ. ಚೌಕಟ್ಟು ಖಾಲಿ ಜಾಗದ ಮೇಲೋ ಮೊತ್ತದ ಸಾಲಿನ ಮೇಲೋ ಬಿದ್ದಿದ್ದರೆ ತಕ್ಷಣ ಗೊತ್ತಾಗುತ್ತದೆ. ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್‌ನಲ್ಲಿ ಕಂಟ್ರೋಲ್ ಕೀಲಿಯೊಂದಿಗೆ, ಸಂಖ್ಯೆ ಒಂದರ ಎಡಕ್ಕಿರುವ ಕೀಲಿಯನ್ನು ಒತ್ತಿದರೆ ಇಡೀ ಹಾಳೆಯಲ್ಲಿ ಉತ್ತರಗಳ ಬದಲು ಸೂತ್ರಗಳೇ ಕಾಣುತ್ತವೆ, ಮತ್ತೊಮ್ಮೆ ಒತ್ತಿದರೆ ಉತ್ತರಗಳು ಮರಳುತ್ತವೆ.

ತಪ್ಪು ಕಂಡರೆ ಆ ಒಂದು ಸೆಲ್‌ನಲ್ಲಿ ಮಾತ್ರ ತಿದ್ದಿ ಮುಂದೆ ಹೋಗಬಾರದು. ಹಾಗೆ ತಿದ್ದಿದ ಸೆಲ್ ಮುಂದೊಂದು ದಿನ ಯಾರೋ ಸೂತ್ರವನ್ನು ಮೇಲಿನಿಂದ ಮತ್ತೆ ಎಳೆದಾಗ ಅಳಿಸಿಹೋಗುತ್ತದೆ, ಅಲ್ಲಿಯವರೆಗೆ ಅದರ ಪಕ್ಕದ ಸೆಲ್‌ಗಳು ತಪ್ಪಾಗಿಯೇ ಇರುತ್ತವೆ. ಪಟ್ಟಿಯ ಮೊದಲ ಸೆಲ್‌ಗೆ ಮರಳಿ, ಅಲ್ಲಿ ಡಾಲರ್ ಹಾಕಿ, ಅಲ್ಲಿಂದ ಇಡೀ ಪಟ್ಟಿಗೆ ಮತ್ತೊಮ್ಮೆ ನಕಲಿಸಿ, ಕೊನೆಯ ಸೆಲ್‌ನಲ್ಲಿ ಮತ್ತೆ ಎಫ್2 ಒತ್ತಿ ನೋಡಬೇಕು.